ಪಿನ್‌ಅಪ್ ಚಿತ್ರಕಲೆ ಮತ್ತು ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳು

ಗೋಡೆಗೆ ಸಿಕ್ಕಿಸಿಕೊಂಡು ದಿನವೂ ನೋಡಲೆಂದೇ ಬರೆದು, ಸಾವಿರಗಟ್ಟಲೆ ಪ್ರತಿಗಳಲ್ಲಿ ಅಚ್ಚು ಹಾಕಿ, ಅಗ್ಗವಾಗಿ ಅಥವಾ ಉಚಿತವಾಗಿ ಹಂಚಿದ ಚೆಲುವೆಯರ ಚಿತ್ರಗಳಿಗೆ ಪಿನ್‌ಅಪ್ ಎಂದು ಹೆಸರು. 1890ರ ದಶಕದಿಂದ 1960ರ ದಶಕದವರೆಗೆ, ಕುಂಚದ ಜಾಗವನ್ನು ಕ್ಯಾಮೆರಾ ಪೂರ್ತಿಯಾಗಿ ಆಕ್ರಮಿಸುವ ತನಕ, ಅಮೆರಿಕದಲ್ಲಿ ಇದು ಒಂದು ದೊಡ್ಡ ಉದ್ಯಮವಾಗಿತ್ತು. ಅದೇ ಕಾಲದಲ್ಲಿ ಭಾರತದಲ್ಲೂ ಇಂಥದೇ ಉದ್ಯಮವೊಂದು ಬೆಳೆಯಿತು. ನಾವು ಅದನ್ನು ಕ್ಯಾಲೆಂಡರ್ ಚಿತ್ರ ಎಂದು ಕರೆದೆವು. ಅದರ ಬಹುದೊಡ್ಡ ಕುಂಚಗಳಲ್ಲಿ ಒಂದು ಕಲಬುರಗಿಯದು. ಎರಡನ್ನೂ ಜೊತೆಯಾಗಿಟ್ಟು ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು, ಅಲ್ಲಿನದು ಭೋಗದ ಚಿತ್ರ, ಇಲ್ಲಿನದು ಭಕ್ತಿಯ ಚಿತ್ರ ಎಂದು. ಈ ವಿಂಗಡಣೆ ಚಿತ್ರಗಳ ಮುಂದೆ ನಿಲ್ಲುವುದಿಲ್ಲ. ಎರಡು ಕಡೆಯೂ ಚಿತ್ರಕಾರರ ಕಸುಬು ಬಹುಮಟ್ಟಿಗೆ ಒಂದೇ, ಹಣ ಕೊಡುವವನು ಒಬ್ಬನೇ, ಅಂದರೆ ಜಾಹೀರಾತು ಬೇಕಾದ ವ್ಯಾಪಾರಿ. ವ್ಯತ್ಯಾಸವಿದ್ದದ್ದು ಗೋಡೆಯಲ್ಲಿ. ಯಾರ ಕಣ್ಣಿಗೆ ಬೀಳುವ ಗೋಡೆ ಎಂಬುದೇ ಚಿತ್ರದ ಹೆಣ್ಣು ಏನು ಉಡಬೇಕು, ಎತ್ತ ನೋಡಬೇಕು, ಯಾವ ನೆಪದಲ್ಲಿ ನಮ್ಮೆದುರು ನಿಲ್ಲಬೇಕು ಎಂಬುದನ್ನು ತೀರ್ಮಾನಿಸಿತು.

ಅಮೆರಿಕದ ಕಥೆ ಚಾರ್ಲ್ಸ್ ಡಾನಾ ಗಿಬ್ಸನ್ ಮಸಿಯಲ್ಲಿ ಬರೆದ ನೀಳಕತ್ತಿನ, ಮೇಲೆತ್ತಿ ಕಟ್ಟಿದ ತಲೆಗೂದಲಿನ ಹುಡುಗಿಯರಿಂದ ಶುರುವಾಗುತ್ತದೆ. ಅವರು ಪತ್ರಿಕೆಯ ಪುಟಗಳಲ್ಲಿ ಬಂದ ಮಧ್ಯಮ ವರ್ಗದ ಸುಸಂಸ್ಕೃತ ಹೆಣ್ಣುಗಳು. 1933ರಲ್ಲಿ ಗಂಡಸರಿಗೆಂದೇ ಹೊರಟ ‘ಎಸ್ಕ್ವೈರ್’ ಪತ್ರಿಕೆ ಜಾರ್ಜ್ ಪೆಟ್ಟಿಯ ಚಿತ್ರಗಳನ್ನು ಹಾಕತೊಡಗಿತು. 1940ರಲ್ಲಿ ಅದೇ ಪತ್ರಿಕೆಗೆ ಪೆರು ದೇಶದಲ್ಲಿ ಹುಟ್ಟಿದ ಆಲ್ಬರ್ಟೊ ವರ್ಗಾಸ್ ಬಂದ. ವರ್ಗಾಸನದು ಜಲವರ್ಣ ಮತ್ತು ಏರ್‌ಬ್ರಷ್. ಮೈಯ ಬಣ್ಣ ಎಲ್ಲಿ ಮುಗಿದು ಕಾಗದದ ಬಿಳುಪು ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಷ್ಟು ನಯ. ಅವನ ಹೆಣ್ಣುಗಳ ಹಿಂದೆ ಮನೆಯಿಲ್ಲ, ಬೀದಿಯಿಲ್ಲ, ಕಥೆಯಿಲ್ಲ. ಎರಡನೆಯ ಮಹಾಯುದ್ಧದ ಸೈನಿಕರ ಬಿಡಾರಗಳಿಗೆ ಇವು ಹೋದವು, ವಿಮಾನಗಳ ಮೂತಿಯ ಮೇಲೂ ಇವನ್ನು ನೋಡಿ ಬರೆದರು. 1943ರಲ್ಲಿ ಅಮೆರಿಕದ ಅಂಚೆ ಇಲಾಖೆಯ ಮುಖ್ಯಸ್ಥ ಈ ಪತ್ರಿಕೆಗಿದ್ದ ರಿಯಾಯಿತಿ ದರದ ಅಂಚೆ ಸೌಲಭ್ಯವನ್ನು ಕಿತ್ತುಕೊಂಡ. ಪತ್ರಿಕೆ ನ್ಯಾಯಾಲಯಕ್ಕೆ ಹೋಗಿ 1946ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಗೆಲುವಿಗಿಂತ ಈ ಜಗಳ ಹುಟ್ಟಿದ ಜಾಗವೇ ನಮ್ಮ ವಾದಕ್ಕೆ ಮುಖ್ಯ. ಬಿಡಾರದ ಗೋಡೆಯ ಮೇಲೆ ಯಾರಿಗೂ ಅಡ್ಡಿಯಾಗದ ಚಿತ್ರ, ಎಲ್ಲರ ಮನೆಗೂ ಹೋಗುವ ಅಂಚೆಯ ಚೀಲದೊಳಗೆ ಬಂದಾಗ ಸರ್ಕಾರಕ್ಕೆ ಅಡ್ಡಿಯಾಯಿತು.

ಕ್ಯಾಲೆಂಡರಿನ ವ್ಯಾಪಾರದಲ್ಲಿ ಇದು ಇನ್ನೂ ಸ್ಪಷ್ಟ. ಮಿನೆಸೋಟ ರಾಜ್ಯದ ಸೇಂಟ್ ಪಾಲ್ ಊರಿನಲ್ಲಿ 1896ರಲ್ಲಿ ಶುರುವಾದ ಬ್ರೌನ್ ಅಂಡ್ ಬಿಗೆಲೋ ಕಂಪನಿ ವ್ಯಾಪಾರಿಗಳಿಗೆ ಅವರವರ ಅಂಗಡಿಯ ಹೆಸರು ಹಾಕಿದ ಕ್ಯಾಲೆಂಡರುಗಳನ್ನು ಮಾಡಿಕೊಡುತ್ತಿತ್ತು. ಅದೇ ಊರಿನಲ್ಲಿ 1914ರಲ್ಲಿ ಹುಟ್ಟಿದ ಗಿಲ್ ಎಲ್ವ್‌ಗ್ರೆನ್ 1940ರ ದಶಕದ ಮಧ್ಯದಿಂದ ಸುಮಾರು ಮೂರು ದಶಕ ಅದಕ್ಕೆ ಚಿತ್ರ ಬರೆದ. ಮೊದಲು ಒಂದು ಸನ್ನಿವೇಶ ಯೋಚಿಸುವುದು, ರೂಪದರ್ಶಿಯನ್ನು ಹಾಗೆ ನಿಲ್ಲಿಸಿ ಫೋಟೊ ತೆಗೆಯುವುದು, ಆಮೇಲೆ 30 ಇಂಚು ಎತ್ತರ 24 ಇಂಚು ಅಗಲದ ಕ್ಯಾನ್ವಾಸಿನಲ್ಲಿ ತೈಲವರ್ಣದಲ್ಲಿ ತಿದ್ದಿ ಬರೆಯುವುದು ಅವನ ಕ್ರಮ. ಬರೆಯುವಾಗ ಕಾಲು ಒಂದಿಷ್ಟು ಉದ್ದವಾಗುತ್ತಿತ್ತು, ಸೊಂಟ ಒಂದಿಷ್ಟು ಸಣ್ಣಗಾಗುತ್ತಿತ್ತು. ಅವನ ಚಿತ್ರಗಳಲ್ಲಿ ಏನೋ ಒಂದು ಸಣ್ಣ ಅವಘಡ ನಡೆದಿರುತ್ತದೆ: ನಾಯಿಯ ಹಗ್ಗ ಕಾಲಿಗೆ ಸುತ್ತಿಕೊಂಡಿದೆ, ಗಾಳಿ ಬೀಸಿದೆ, ಬೇಲಿಗೆ ಲಂಗ ಸಿಕ್ಕಿದೆ. ಹುಡುಗಿ ಬೆಚ್ಚಿ ನೋಡುಗನತ್ತ ತಿರುಗುತ್ತಾಳೆ. ಅವಳು ಬಯಸಿ ನಿಂತದ್ದಲ್ಲ, ಅಕಸ್ಮಾತ್ತಾಗಿ ಕಂಡಳು ಎಂಬುದು ಅಲ್ಲಿನ ನೆಪ. ಇದೇ ಕಂಪನಿ ನಾರ್ಮನ್ ರಾಕ್‌ವೆಲ್ ಬರೆದ ಬಾಯ್ ಸ್ಕೌಟ್ ಕ್ಯಾಲೆಂಡರುಗಳನ್ನೂ ಅಚ್ಚು ಹಾಕುತ್ತಿತ್ತು. ಮೋಟಾರು ರಿಪೇರಿಯ ಗ್ಯಾರೇಜಿಗೆ ಒಂದು, ಅಡುಗೆಮನೆಗೆ ಇನ್ನೊಂದು. ಗಂಡಸರ ಗೋಡೆ ಬೇರೆ, ಸಂಸಾರದ ಗೋಡೆ ಬೇರೆ ಎಂಬ ವಿಂಗಡಣೆ ಆ ಸಮಾಜದಲ್ಲಿ ಮೊದಲೇ ಇತ್ತು. ಕಂಪನಿ ಎರಡಕ್ಕೂ ಸರಕು ಒದಗಿಸಿತು.

ಭಾರತದ ವ್ಯಾಪಾರಿಗೆ ಈ ಅನುಕೂಲ ಇರಲಿಲ್ಲ. ಅಂಗಡಿಯೇ ಮನೆಯ ಮುಂಭಾಗವಾಗಿರುವ, ಕ್ಯಾಲೆಂಡರು ತಿಥಿ ವಾರ ನೋಡಲು ಹೆಂಗಸರಿಗೂ ಬೇಕಾಗಿರುವ ಊರುಗಳಲ್ಲಿ ಒಂದೇ ಚಿತ್ರ ಗಲ್ಲಾಪೆಟ್ಟಿಗೆಯ ಹಿಂದೆಯೂ ನಡುಮನೆಯಲ್ಲಿಯೂ ತೂಗಬೇಕು. ಈ ಇಕ್ಕಟ್ಟಿಗೆ ದಾರಿ ತೋರಿಸಿದ್ದು ರಾಜಾ ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಆಮೇಲೆ ಲೋಣಾವಳದ ಹತ್ತಿರದ ಮಳವಲಿಗೆ ಹೋದ ಅವನ ಕಲ್ಲಚ್ಚಿನ ಮುದ್ರಣಾಲಯ ಲಕ್ಷ್ಮಿ ಸರಸ್ವತಿಯರ ಜೊತೆಗೆ ಮೇನಕೆ, ಮೋಹಿನಿ, ಶಕುಂತಲೆಯರನ್ನೂ ಮನೆಮನೆಗೆ ಕಳಿಸಿತು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವ ನೆಪದಲ್ಲಿ ಹಿಂತಿರುಗಿ ದುಷ್ಯಂತನನ್ನು ಹುಡುಕುವ ಅವನ ಶಕುಂತಲೆಯನ್ನು ಎಲ್ವ್‌ಗ್ರೆನ್‌ನ ಹುಡುಗಿಯ ಪಕ್ಕದಲ್ಲಿ ಇಟ್ಟು ನೋಡಬೇಕು. ಎರಡೂ ಕಡೆ ದೇಹ ತಿರುಚಿದೆ, ಪಾದ ಎತ್ತಿದೆ, ಕಾರಣ ಆಕಸ್ಮಿಕ. ಆದರೆ ಶಕುಂತಲೆ ನಮ್ಮನ್ನು ನೋಡುತ್ತಿಲ್ಲ. ಅವಳ ನೋಟಕ್ಕೆ ಒಡೆಯನೊಬ್ಬ ಚಿತ್ರದ ಆಚೆ ಎಲ್ಲೋ ಇದ್ದಾನೆ, ಅವನ ಹೆಸರು ನೋಡುವವರಿಗೆಲ್ಲ ಗೊತ್ತು. ಹೀಗಾಗಿ ಆ ಚಿತ್ರವನ್ನು ಅತ್ತೆ ಸೊಸೆ ಇಬ್ಬರೂ ನಿಂತು ನೋಡಬಹುದು. ಮುಂದಿನ ಅರವತ್ತು ಎಪ್ಪತ್ತು ವರ್ಷ ಭಾರತದ ಕ್ಯಾಲೆಂಡರ್ ಚಿತ್ರಕಾರರು ನಡೆದದ್ದು ಈ ದಾರಿಯಲ್ಲೇ.

ಆ ದಾರಿಯನ್ನು ಸಿನಿಮಾದ ಬೆಳಕಿನಲ್ಲಿ ಮತ್ತೆ ಕಡಿದವರು ಸಂಬಾನಂದ ಮೋನಪ್ಪ ಪಂಡಿತ. 1916ರಲ್ಲಿ, ಆಗ ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರಗಿಯಲ್ಲಿ ಹುಟ್ಟಿದ ಪಂಡಿತರು ಅಲ್ಲಿಯ ಶಂಕರರಾವ್ ಆಳಂದಕರರಲ್ಲಿ ಪಾಠ ಶುರುಮಾಡಿ, ಮದರಾಸಿನಲ್ಲಿ ಕಲಿತು, ಮುಂಬಯಿಯಲ್ಲಿ ದಂಡಾವತಿಮಠರ ನೂತನ ಕಲಾಮಂದಿರ ಮತ್ತು ಜೆ.ಜೆ. ಕಲಾಶಾಲೆಗಳಲ್ಲಿ ಮುಂದುವರಿಸಿದರು. ಮುಂಬಯಿಯಲ್ಲಿ ಅವರಿಗೆ ಅನ್ನ ಕೊಟ್ಟದ್ದು ಸಿನಿಮಾ. ಹಾಲಿವುಡ್ಡಿನ ಎಂ.ಜಿ.ಎಂ. ಕಂಪನಿಯ ಚಿತ್ರಗಳಿಗೆ ಅವರು ಷೋಕಾರ್ಡುಗಳನ್ನು ಬರೆದರು. ಚಿತ್ರಮಂದಿರದ ಒಳಾಂಗಣದಲ್ಲಿ ಇಡುವ, ಪೋಸ್ಟರ್ ಬಣ್ಣದಲ್ಲಿ ಬರೆದ ದಪ್ಪ ರಟ್ಟಿನ ಹಲಗೆಗಳಿವು. ಬಾಬೂರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೂ ಅವರ ಕುಂಚ ದುಡಿಯಿತು. ಪಂಡಿತರ ಚಿತ್ರಗಳಿಗೂ ಅಮೆರಿಕದ ಪಿನ್‌ಅಪ್ಪಿಗೂ ನಡುವೆ ಇರುವ ನೇರ ಕೊಂಡಿ ಆ ಷೋಕಾರ್ಡುಗಳು, ಅನುಮಾನಕ್ಕೆ ಎಡೆಯಿಲ್ಲದ ಕೊಂಡಿ. ಹಾಲಿವುಡ್ಡಿನ ಪ್ರಚಾರದ ಫೋಟೊಗಳಲ್ಲಿ ನಟಿಯ ಹಿಂದಿನಿಂದ ಒಂದು ದೀಪ ಬಿಟ್ಟು ಕೂದಲಂಚು, ಭುಜದಂಚು ಹೊಳೆಯುವಂತೆ ಮಾಡುತ್ತಿದ್ದರು. ಪೆಟ್ಟಿ, ವರ್ಗಾಸ್, ಎಲ್ವ್‌ಗ್ರೆನ್ ಕಾಲದ ಅಮೆರಿಕ ಬೆಳೆದದ್ದು ಆ ಬೆಳಕಿನಲ್ಲಿ. ಅದೇ ಫೋಟೊಗಳನ್ನು ಎದುರಿಟ್ಟುಕೊಂಡು ಷೋಕಾರ್ಡು ಬರೆದ ಕೈ ಆಮೇಲೆ ದಮಯಂತಿಯನ್ನು ಬರೆಯಲು ಕೂತಾಗ ಆ ಅಂಚಿನ ಹೊಳಪು ಅವಳ ತೋಳಿಗೂ ಬಂತು.

ಪೋಸ್ಟರ್ ಬಣ್ಣ ಕಷ್ಟದ ಮಾಧ್ಯಮ ಎಂಬುದನ್ನು ಇಲ್ಲಿ ಹೇಳಲೇಬೇಕು. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಬಣ್ಣಕ್ಕೆ ಬಣ್ಣ ಬೆರೆಸುತ್ತ ಕೆನ್ನೆಯ ಉಬ್ಬು ತಗ್ಗುಗಳನ್ನು ತಿದ್ದಲು ಸಮಯ ಸಿಗುತ್ತದೆ. ಪೋಸ್ಟರ್ ಬಣ್ಣ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ, ಒಣಗಿದ ಮೇಲೆ ಅದರ ಛಾಯೆಯೂ ಬದಲಾಗುತ್ತದೆ. ಈ ಬಣ್ಣದಲ್ಲಿ ಚರ್ಮದ ಮೃದುತ್ವ ತರಬೇಕಾದರೆ ಒಣಗಿದ ಮೇಲಿನ ಛಾಯೆಯನ್ನು ಮೊದಲೇ ಲೆಕ್ಕ ಹಾಕಿ, ಸಣ್ಣ ಸಣ್ಣ ಗೀಟುಗಳಲ್ಲಿ ಒಂದರ ಪಕ್ಕ ಒಂದು ಹಚ್ಚುತ್ತ ಹೋಗಬೇಕು. ಪಂಡಿತರು ಇದನ್ನು ಸಾಧಿಸಿಕೊಂಡಿದ್ದರು. ಅವರ ನೆರಳು ಕಪ್ಪಲ್ಲ. ನೇರಳೆ, ನೀಲಿ, ಕೆಲವೊಮ್ಮೆ ಹಸಿರು. ರವಿವರ್ಮನ ಕಂದುಬಣ್ಣದ ನೆರಳಿನಿಂದ ಇದು ಬಲುದೂರ. ರವಿವರ್ಮನ ಮೇನಕೆ ನಾಟಕದ ಪರದೆಯ ಮುಂದೆ ನಿಂತ ನಟಿಯಾದರೆ ಪಂಡಿತರ ಮೇನಕೆ ಸ್ಟುಡಿಯೋ ದೀಪದ ಕೆಳಗೆ ನಿಂತ ತಾರೆ. ಗಂಡಸಿನ ದೇಹವನ್ನೂ ಅವರು ಬಿಡಲಿಲ್ಲ. ಅವರ ವಿಶ್ವಾಮಿತ್ರ, ನಳ, ಕೃಷ್ಣರ ಎದೆ ತೋಳುಗಳು ಗರಡಿಯಲ್ಲಿ ಪಳಗಿದಂಥವು. ಅಮೆರಿಕದ ಪಿನ್‌ಅಪ್ಪಿನಲ್ಲಿ ಗಂಡಸು ಚಿತ್ರದ ಹೊರಗೆ ನಿಂತ ನೋಡುಗ ಮಾತ್ರ. ಇಲ್ಲಿ ಅವನನ್ನು ಚಿತ್ರದ ಒಳಕ್ಕೆ ಎಳೆದು, ಅವನ ದೇಹಕ್ಕೂ ಅಷ್ಟೇ ಅಲಂಕಾರ ಮಾಡಿ ನಿಲ್ಲಿಸಲಾಗಿದೆ. ಹೆಂಗಸರೂ ನೋಡುವ ಗೋಡೆಗೆ ಬರೆದ ಚಿತ್ರದಲ್ಲಿ ಹೀಗಾದದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ಇಂಥ ಚಿತ್ರಗಳು ಎಲ್ಲಿ ತೂಗಿದವು ಎಂಬುದಕ್ಕೆ ರಾಯಚೂರು ಸೀಮೆಯೇ ಸಾಕ್ಷಿ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕಲಬುರಗಿಯೂ ಅದೇ ಹಳಿಯ ಮೇಲಿದೆ. ಅಚ್ಚಾದ ಚಿತ್ರಗಳ ಎರಡು ದೊಡ್ಡ ನೆಲೆಗಳು, ಉತ್ತರಕ್ಕೆ ಮುಂಬಯಿ ಮತ್ತು ತೆಂಕಣಕ್ಕೆ ಶಿವಕಾಶಿ, ಈ ಊರಿಗೆ ರೈಲಿನ ನೆರೆಹೊರೆಯಾದವು. 1920ರ ದಶಕದಲ್ಲಿ ಬೆಂಕಿಪೆಟ್ಟಿಗೆಯ ಕಾರ್ಖಾನೆಗಳಿಂದ ಮೇಲೆದ್ದ ಶಿವಕಾಶಿ ಮೊದಲು ಪೆಟ್ಟಿಗೆಯ ಲೇಬಲ್ಲು, ಆಮೇಲೆ ಕ್ಯಾಲೆಂಡರು ಅಚ್ಚು ಹಾಕುವುದರಲ್ಲಿ ಇಡೀ ದೇಶಕ್ಕೆ ಮುಂದಾಯಿತು. ಮಂತ್ರಾಲಯದ ಕಡೆಯ ಗಿಲ್ಲೆಸುಗೂರಿನಿಂದ, ಮಾನ್ವಿಯಿಂದ, ದೇವದುರ್ಗದಿಂದ ಹತ್ತಿ, ಜೋಳ, ಶೇಂಗಾ ಹೇರಿಕೊಂಡು ರಾಯಚೂರಿನ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬರುವ ರೈತನಿಗೆ ಅಡತಿ ಅಂಗಡಿಯವರು ಕೊಡುವ ಕ್ಯಾಲೆಂಡರು ವ್ಯಾಪಾರದ ನಂಟಿನ ಗುರುತು. ಅದು ಹಳ್ಳಿಯ ಮನೆಯ ಪಡಸಾಲೆಯಲ್ಲಿ ರಾಘವೇಂದ್ರಸ್ವಾಮಿಗಳ ಪಟದ ಪಕ್ಕಕ್ಕೆ ತೂಗಬೇಕು. ಅದೇ ಗಂಜಿನಲ್ಲಿ ಮುಸ್ಲಿಂ ವ್ಯಾಪಾರಿಯ ಅಂಗಡಿಯಲ್ಲಿ ಮೆಕ್ಕಾ ಮದೀನಾದ ಚಿತ್ರವಿರುತ್ತದೆ, ಅಲ್ಲಿ ಹೆಣ್ಣಿನ ಚಿತ್ರಕ್ಕೆ ಜಾಗವೇ ಇಲ್ಲ. ಕಟಿಂಗ್ ಶಾಪಿನಲ್ಲಿ ಮಾತ್ರ, ಅಂದರೆ ಈ ಊರುಗಳಲ್ಲಿ ಗಂಡಸರಷ್ಟೇ ಕೂತು ಕಾಯುವ ಗೋಡೆಯಲ್ಲಿ, ಸಿನಿಮಾ ತಾರೆಯರು ನೇರವಾಗಿ ನೋಡುಗನ ಕಣ್ಣಿಗೆ ಕಣ್ಣಿಟ್ಟು ನಗುತ್ತಾರೆ. ಒಂದೇ ಊರು, ಒಂದೇ ಕಾಲ, ಅಚ್ಚಾದದ್ದೂ ಬಹುಶಃ ಒಂದೇ ಕಡೆ; ಗೋಡೆ ಬದಲಾದ ಕೂಡಲೇ ನೋಟ ಬದಲಾಗುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ‘ದೀಪಧಾರಿಣಿ’ ಚಿತ್ರವೂ ಇದಕ್ಕೆ ಹತ್ತಿರದ ಉದಾಹರಣೆ. ಅನೇಕರು ಅದನ್ನು ರವಿವರ್ಮನದೆಂದು ಈಗಲೂ ಹೇಳುತ್ತಾರೆ, ಬರೆದವರು ಎಸ್.ಎಲ್. ಹಳದಣಕರ್, ರೂಪದರ್ಶಿಯಾಗಿ ನಿಂತದ್ದು ಅವರ ಮಗಳು. ಜಲವರ್ಣದ ಆ ಚಿತ್ರದಲ್ಲಿ ದೀಪದ ಬೆಳಕು ಬೆರಳುಗಳ ಸಂದಿನಿಂದ ಹಾಯ್ದು ಮುಖಕ್ಕೆ ಬೀಳುತ್ತದೆ. ತಂತ್ರದ ಮಟ್ಟಿಗೆ ಇದು ಪಿನ್‌ಅಪ್ ಚಿತ್ರಕಾರರು ಇಷ್ಟಪಡುತ್ತಿದ್ದ ಬೆಳಕೇ: ಒಂದೇ ಮೂಲ, ಕತ್ತಲ ಹಿನ್ನೆಲೆ, ಹೊಳೆಯುವ ಚರ್ಮ. ಆದರೆ ಅವಳು ನೋಡುಗನನ್ನು ನೋಡದೆ ತನ್ನಲ್ಲೇ ಇದ್ದಾಳೆ. ಅದರ ಪ್ರತಿಗಳು ಕನ್ನಡನಾಡಿನ ಎಷ್ಟೋ ಮನೆಗಳಿಗೆ ಹೋಗಿವೆ ಎಂಬುದರಲ್ಲಿ ಆ ತನ್ನಲ್ಲಿರುವಿಕೆಯ ಪಾಲು ದೊಡ್ಡದು.

ಪಂಡಿತರ ಚಿತ್ರಗಳನ್ನು ಪಿನ್‌ಅಪ್ಪಿನ ಜೊತೆಯಲ್ಲಿ ಹೆಸರಿಸುವುದೇ ಅಪಚಾರ, ಅವರು ದೇವಿಯ ಉಪಾಸಕರು, ಅವರ ಪಟಗಳಿಗೆ ಜನ ಊದಿನಕಡ್ಡಿ ಬೆಳಗಿದ್ದಾರೆ ಎಂಬ ಆಕ್ಷೇಪ ಬರುತ್ತದೆ. ಈ ಮಾತಿನಲ್ಲಿ ನಿಜವಿದೆ. ಪೂಜೆಗೊಳ್ಳುವ ಪಟ ಬೇರೆ ಜಾತಿಯದು. ಅಲ್ಲಿ ದೇವಿ ಭಕ್ತನನ್ನು ನೇರವಾಗಿ ನೋಡುತ್ತಾಳೆ, ನೋಡಲೇಬೇಕು, ದರ್ಶನವೆಂದರೆ ಅದೇ. ಈ ಲೇಖನ ಪಿನ್‌ಅಪ್ಪಿನ ಹತ್ತಿರ ತರುವುದು ಆ ಪಟಗಳನ್ನಲ್ಲ, ಮೇನಕೆ, ಶಕುಂತಲೆ, ದಮಯಂತಿಯರನ್ನು. ಇವರಿಗೆ ಯಾರೂ ಆರತಿ ಎತ್ತುವುದಿಲ್ಲ. ಇವರ ಚಿತ್ರ ಬೇಕಾದದ್ದು ಚೆಲುವಿಗಾಗಿ, ಮತ್ತು ಆ ಚೆಲುವನ್ನು ಎಲ್ಲರೆದುರು ಸವಿಯಲು ಪುರಾಣ ಅವಕಾಶ ಕೊಡುತ್ತಿತ್ತು ಎಂಬುದಕ್ಕಾಗಿ. ಕನ್ನಡ ಕಾವ್ಯಪರಂಪರೆಯಲ್ಲಿ ಶೃಂಗಾರ ಎಂದೂ ನಾಚಿಕೆಯ ರಸವಾಗಿರಲಿಲ್ಲ. ಪಂಡಿತರು ಎರಡನ್ನೂ ಒಂದೇ ಶ್ರದ್ಧೆಯಿಂದ ಬರೆದದ್ದು ಅವರ ಹಿರಿಮೆ. ಒಂದನ್ನು ಉಳಿಸಲು ಇನ್ನೊಂದನ್ನು ಮುಚ್ಚಿಡುವುದು ಅವರ ಅರ್ಧ ಬದುಕನ್ನು ಅಳಿಸಿದಂತೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ವಾದವೂ ಇದೆ: ಹೆಣ್ಣಿನ ಚೆಲುವನ್ನು ಸಾರ್ವಜನಿಕ ಗೋಡೆಯಲ್ಲಿ ನಿಲ್ಲಿಸುವುದಕ್ಕೆ ಅಮೆರಿಕದಿಂದ ಏನೂ ಕಲಿಯಬೇಕಿರಲಿಲ್ಲ, ನಮ್ಮ ಮದನಿಕೆಯರೇ ಇದ್ದಾರೆ ಎಂದು. ಹೋಲಿಕೆ ಬೆರಗು ಹುಟ್ಟಿಸುವಂಥದು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದವಳು, ಗಿಣಿಯೊಡನೆ ಮಾತಾಡುವವಳು ಇದ್ದಾರೆ. ಕೋತಿ ಸೀರೆಯ ಸೆರಗು ಎಳೆಯುತ್ತಿರಲು ಅದನ್ನು ಗದರಿಸುವವಳೂ ಇದ್ದಾಳೆ. ಎಲ್ವ್‌ಗ್ರೆನ್‌ನ ನಾಯಿ ಮಾಡುವ ಕೆಲಸವನ್ನು ಹನ್ನೆರಡನೆಯ ಶತಮಾನದ ಆ ಕೋತಿ ಮಾಡುತ್ತಿದೆ. ಬೀದರ ಜಿಲ್ಲೆಯ ಜಲಸಂಗ್ವಿಯ ಕಲ್ಯಾಣ ಚಾಳುಕ್ಯರ ದೇವಾಲಯದ ಶಿಲಾಬಾಲಿಕೆಯರು ಬೇಲೂರಿಗಿಂತ ಹಿಂದಿನವರು. ಅವರಲ್ಲಿ ಒಬ್ಬಳು ಚಾಳುಕ್ಯ ವಿಕ್ರಮಾದಿತ್ಯನ ಹೊಗಳಿಕೆಯ ಶಾಸನ ಬರೆಯುತ್ತ ನಿಂತಿದ್ದಾಳೆ. ಹೆಣ್ಣಿಗೆ ಅಲಂಕಾರದ ಹೊರತಾಗಿ ಒಂದು ಕೆಲಸ ಕೊಟ್ಟು ನಿಲ್ಲಿಸಿದ ಆ ಕಲ್ಪನೆಯನ್ನು ಆಮೇಲಿನ ಯಾವ ಕ್ಯಾಲೆಂಡರ್ ಚಿತ್ರವೂ ಮೀರಿಲ್ಲ. ಆದರೂ ಮದನಿಕೆಯಿಂದ ಕ್ಯಾಲೆಂಡರಿಗೆ ವಂಶಾವಳಿ ಎಳೆಯುವುದು ಸರಿಯಲ್ಲ. ಮದನಿಕೆ ಒಬ್ಬಳೇ, ಅವಳಿದ್ದಲ್ಲಿಗೆ ನಾವು ಹೋಗಬೇಕು. ಅಚ್ಚಿನ ಚಿತ್ರ ನಮ್ಮಲ್ಲಿಗೇ ಬರುತ್ತದೆ, ನಮ್ಮದಾಗುತ್ತದೆ, ವರ್ಷ ಮುಗಿದ ಮೇಲೆ ಬದಲಾಗುತ್ತದೆ. ಇಬ್ಬರಿಗೂ ಸಮಾನವಾದದ್ದು ಎಲ್ಲ ವಯಸ್ಸಿನ ಹೆಣ್ಣು ಗಂಡು ಒಟ್ಟಿಗೆ ನೋಡುವ ಗೋಡೆ. ಅಂಥ ಗೋಡೆಗೆ ಕೆತ್ತಿದವರೂ ಬರೆದವರೂ ಒಂದೇ ಬಗೆಯ ಉಪಾಯಕ್ಕೆ ಬಂದದ್ದು ವಂಶದಿಂದಲ್ಲ, ಪರಿಸ್ಥಿತಿಯಿಂದ.

ಹೆಚ್ಚು ಗಂಭೀರವಾದ ಆಕ್ಷೇಪ ಸ್ತ್ರೀವಾದಿಗಳದು. ನೆಪ ಯಾವುದೇ ಇರಲಿ, ಈ ಚಿತ್ರಗಳಲ್ಲಿ ಹೆಣ್ಣು ನೋಡುವ ವಸ್ತು, ಅವಳ ದೇಹ ಯಾರದೋ ಸರಕಿಗೆ ಜಾಹೀರಾತು. ಅಮೆರಿಕದಲ್ಲಿ ಜೋಯಿ ಮೋಜರ್ಟ್, ಪರ್ಲ್ ಫ್ರಶ್, ಜಾಯ್ಸ್ ಬ್ಯಾಲಂಟೈನ್‌ರಂಥ ಹೆಂಗಸರೂ ಪಿನ್‌ಅಪ್ ಬರೆದರು, ಮೋಜರ್ಟ್ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಬರೆಯುತ್ತಿದ್ದಳು ಎಂದು ಇದಕ್ಕೆ ಉತ್ತರ ಕೊಡುವವರಿದ್ದಾರೆ. ಆ ಉತ್ತರ ಸಾಲದು. ಬರೆದವಳು ಹೆಣ್ಣೆಂದ ಮಾತ್ರಕ್ಕೆ ಮಾರುಕಟ್ಟೆಯ ಬೇಡಿಕೆ ಬದಲಾಗಲಿಲ್ಲ. ಆಕ್ಷೇಪವನ್ನು ಒಪ್ಪಿಕೊಂಡೇ ಒಂದು ಭೇದವನ್ನು ಗಮನಿಸಬೇಕು. ಸಂಸಾರದ ಗೋಡೆ ಚಿತ್ರಕಾರನ ಮೇಲೆ ಒಂದು ಕರಾರು ಹೇರಿತು: ಹೆಣ್ಣಿಗೆ ಹೆಸರಿರಬೇಕು, ಕಥೆಯಿರಬೇಕು, ಅವಳ ಬಯಕೆ ಅವಳದಾಗಿರಬೇಕು. ದಮಯಂತಿ ಹಂಸದೊಡನೆ ಮಾತಾಡುವಾಗ ಅವಳು ಆರಿಸಿಕೊಳ್ಳುವವಳು. ಸ್ವಯಂವರದಲ್ಲಿ ದೇವತೆಗಳನ್ನು ಬಿಟ್ಟು ನಳನನ್ನು ವರಿಸಿದವಳು ಎಂದು ನೋಡುವ ಹುಡುಗಿಗೂ ಗೊತ್ತು. ವರ್ಗಾಸನ ಹೆಣ್ಣಿಗೆ ಇಂಥದೇನೂ ಇರಲಿಲ್ಲ. ಕರಾರು ಹೇರಿದ ಅದೇ ಗೋಡೆ ಇನ್ನೊಂದು ಹಾನಿಯನ್ನೂ ಮಾಡಿತು. ಕ್ಯಾಲೆಂಡರಿನ ಶಕುಂತಲೆಯರೆಲ್ಲ ಬೆಳ್ಳಗಾದರು. ರಾಯಚೂರಿನ ಬಿಸಿಲಿನಲ್ಲಿ ಹತ್ತಿ ಬಿಡಿಸುವ ಹೆಣ್ಣಿನ ಮೈಬಣ್ಣಕ್ಕೆ ಆ ಚಿತ್ರಗಳಲ್ಲಿ ಜಾಗ ಸಿಗಲಿಲ್ಲ, ಸಿಕ್ಕಿದ್ದರೂ ಸಖಿಯ ಜಾಗ. ಈ ಪರಂಪರೆಯ ಮೇಲೆ ಹೊರಿಸಬಹುದಾದ ಆರೋಪಗಳಲ್ಲಿ ನಗ್ನತೆಗಿಂತ ಇದು ದೊಡ್ಡದು.

ಕಲಾವಿಮರ್ಶಕರು ಈ ಚಿತ್ರಗಳನ್ನು ತಳ್ಳಿಹಾಕಿದ ಕಾರಣ ಬೇರೆ: ಇವು ಬಾಜಾರಿನ ಸರಕು, ಸ್ವಂತಿಕೆಯಿಲ್ಲದವು ಎಂದು. 1947ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪ್ರಗತಿಶೀಲ ಕಲಾವಿದರ ಗುಂಪಿನ ಕೃತಿಗಳು ಸಂಗ್ರಹಾಲಯಗಳಿಗೆ ಹೋದವು. ಅದೇ ನಗರದಲ್ಲಿ ಅದೇ ವರ್ಷಗಳಲ್ಲಿ ದುಡಿಯುತ್ತಿದ್ದ ಪಂಡಿತರ ಚಿತ್ರಗಳು ಮೊಳೆಗೆ ಹೋದವು. ಆ ಗುಂಪಿನ ಎಂ.ಎಫ್. ಹುಸೇನರೇ ಸಿನಿಮಾ ಹೋರ್ಡಿಂಗ್ ಬರೆದು ಬದುಕಿದವರು ಎಂಬುದನ್ನು ನೆನೆದರೆ ಎರಡರ ನಡುವಿನ ಗೋಡೆ ಅಷ್ಟೇನೂ ಎತ್ತರದ್ದಲ್ಲ. ಗ್ರಾಹಕನ ಅಪ್ಪಣೆಗೆ ಬರೆದದ್ದು ಕಲೆಯಲ್ಲ ಎಂದರೆ ರಾಜರಿಗೆ, ಮಠಗಳಿಗೆ ಬರೆದದ್ದನ್ನೆಲ್ಲ ಬಿಡಬೇಕಾಗುತ್ತದೆ. ಬೇಡಿಕೆಯ ಇಕ್ಕಟ್ಟಿನೊಳಗೆ ಕುಂಚ ಏನನ್ನು ಸಾಧಿಸಿತು ಎಂದು ಕೇಳುವುದೇ ನ್ಯಾಯ, ಮತ್ತು ಪಂಡಿತರ ನೇರಳೆ ನೆರಳುಗಳು ಆ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಅವರನ್ನು ನೋಡಿ ಬರೆದ ನೂರಾರು ಅನುಕರಣೆಗಳು ಗೆಲ್ಲುವುದಿಲ್ಲ. ಬಾಜಾರಿನ ಒಳಗೂ ಮೇಲುಕೀಳು ಇದೆ. ಅದನ್ನು ಹೇಳಲು ವಿಮರ್ಶೆ ಅಲ್ಲಿಗೆ ಹೋಗಬೇಕು.

ಕುಂಚದ ಪಿನ್‌ಅಪ್ಪನ್ನು ಮುಗಿಸಿದ್ದು ಫೋಟೊ. 1949ರಲ್ಲಿ ಕ್ಯಾಲೆಂಡರಿಗೆಂದು ತೆಗೆದ ಮರ್ಲಿನ್ ಮನ್ರೋಳ ಫೋಟೊ 1953ರ ‘ಪ್ಲೇಬಾಯ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂದ ಮೇಲೆ ಎಲ್ವ್‌ಗ್ರೆನ್‌ನ ಅವಘಡಗಳು ಹಳೆಯ ಕಾಲದವಾಗಿ ಕಂಡವು. ಭಾರತದಲ್ಲಿ ಆಫ್‌ಸೆಟ್ ಮುದ್ರಣ ಬಂದು ಬಣ್ಣದ ಫೋಟೊ ಅಗ್ಗವಾದಾಗ ಕ್ಯಾಲೆಂಡರಿನಲ್ಲಿ ದೇವರು ಉಳಿದ, ಮೇನಕೆ ಹೊರಟುಹೋದಳು. 2003ರಿಂದ ಬೆಂಗಳೂರಿನ ಬಿಯರ್ ಕಂಪನಿಯೊಂದು ಹೊರತಂದ ಕಿಂಗ್‌ಫಿಷರ್ ಕ್ಯಾಲೆಂಡರು ಕರ್ನಾಟಕದಿಂದ ಹೊರಟ ನಿಜವಾದ, ಅಮೆರಿಕದ ಅರ್ಥದ ಪಿನ್‌ಅಪ್. ಸಮುದ್ರತೀರದಲ್ಲಿ ಈಜುಡುಗೆಯಲ್ಲಿ ನಿಂತ ರೂಪದರ್ಶಿಯರಿಗೆ ಪುರಾಣದ ನೆಪ ಬೇಕಾಗಲಿಲ್ಲ, ಏಕೆಂದರೆ ಅದು ಅಡತಿ ಅಂಗಡಿಯಿಂದ ಹಳ್ಳಿಯ ಪಡಸಾಲೆಗೆ ಹೋಗುವ ಕ್ಯಾಲೆಂಡರಲ್ಲ. ಆಯ್ದವರಿಗೆ ಮಾತ್ರ ತಲುಪುವ ಉಡುಗೊರೆ ಅದು. ಅರ್ಧ ಶತಮಾನ ಕಳೆದ ಮೇಲೂ ಚಿತ್ರದ ಹೆಣ್ಣು ಯಾರನ್ನು ನೋಡಬೇಕೆಂದು ಹೇಳುತ್ತಿರುವುದು ಗೋಡೆಯೇ.

ಪಂಡಿತರು ಕೊನೆಗೆ ಕಲಬುರಗಿಗೆ ಮರಳಿ 1993ರಲ್ಲಿ ತೀರಿಕೊಂಡರು. ನಗರದ ದೊಡ್ಡ ರಂಗಮಂದಿರಕ್ಕೆ ಅವರ ಹೆಸರಿದೆ. ಅಚ್ಚಾದ ಚಿತ್ರಗಳ ಮಟ್ಟಿಗೆ ಮಾತ್ರ ಕೆಲಸ ಬಹಳ ಉಳಿದಿದೆ. ವರ್ಷ ಮುಗಿದ ಮೇಲೆ ಜನ ಕೆಳಗಿನ ತಾರೀಖಿನ ಹಾಳೆಗಳನ್ನು ಕಿತ್ತು, ಅಂಗಡಿಯ ಹೆಸರಿದ್ದ ಪಟ್ಟಿಯನ್ನು ಕತ್ತರಿಸಿ, ಚಿತ್ರಕ್ಕಷ್ಟೇ ಕಟ್ಟು ಹಾಕಿಸುತ್ತಿದ್ದರು. ಅದರೊಡನೆ ವರ್ಷವೂ ಮುದ್ರಕನ ಹೆಸರೂ ಹೋದವು. ಈಗ ಸಂಗ್ರಹಕಾರರು ಈ ಚಿತ್ರಗಳನ್ನು ಕೊಳ್ಳುತ್ತಿರುವಾಗ ಅಂಥ ಕತ್ತರಿಸಿದ ಪ್ರತಿಗಳೇ ಚೊಕ್ಕಟವೆಂದು ಬೆಲೆ ಪಡೆಯುವುದು ತಪ್ಪು ಅಳತೆ. ಯಾವ ಊರಿನ ಯಾವ ಅಂಗಡಿ, ಯಾವ ವರ್ಷ, ಯಾವ ಪ್ರೆಸ್ಸು, ತೂಗಿದ್ದು ಮನೆಯಲ್ಲೋ ಕಟಿಂಗ್ ಶಾಪಿನಲ್ಲೋ ಎಂಬುದನ್ನು ಚಿತ್ರದ ಜೊತೆಗೇ ಬರೆದಿಡಬೇಕು. ಗಂಜಿನ ಹಳೆಯ ಅಡತಿ ಅಂಗಡಿಗಳ ಲೆಕ್ಕದ ಪುಸ್ತಕಗಳಲ್ಲಿ ಕ್ಯಾಲೆಂಡರಿನ ಖರ್ಚು ಒಂದು ಬಾಬತ್ತಾಗಿ ನಮೂದಾಗಿರಲು ಸಾಕು. ಪಟ್ಟಿ ಮಾಡುವ ಕೆಲಸವನ್ನು ಅಲ್ಲಿಂದ ಶುರುಮಾಡಬಹುದು.